ಚಪ್ಪಲಿ ಸೇರಿದ ಪ್ಲೂಮಣ್ಣ

ಚರೂನನ ಕಾರ್ಖಾನೆಯ ಬಾಗಿಲಿಗೂ ಬೀಗವಿರಲಿಲ್ಲ, ಅವನ ಬಾಯಿಗೂ ಇರಲಿಲ್ಲ. ಕಾರ್ಖಾನೆಯಲ್ಲಿ ಕದ್ದೊಯ್ಯುವಂಥದ್ದೇನೂ ಇಲ್ಲದ್ದರಿಂದ ಮೊದಲನೆಯದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ಎರಡನೆಯದರಿಂದ ಆದ ಅನಾಹುತವನ್ನು ಖೋಕ್‌ಯಾಂಗ್ ಊರಿನವರು ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ. ಹೇಳುವ ಮೊದಲು ಒಮ್ಮೆ ತಮ್ಮ ಕಾಲಿನ ಕಡೆ ನೋಡಿಕೊಳ್ಳುತ್ತಾರೆ.

ಕಾರ್ಖಾನೆ ಎಂದ ಕೂಡಲೇ ಹೊಗೆ ಕೊಳವೆ, ಗೇಟು, ಕಾವಲುಗಾರ ಎಂದೆಲ್ಲ ಕಲ್ಪಿಸಿಕೊಳ್ಳಬೇಕಾಗಿಲ್ಲ. ಹಿತ್ತಿಲಿನಲ್ಲಿ ತಗಡಿನ ಮಾಡು, ಅದರಡಿ ರಬ್ಬರ್ ನಾದುವ ಜೋಡಿ ಉರುಳೆಯ ಯಂತ್ರ, ಚಪ್ಪಲಿ ಒತ್ತುವ ಎರಡು ಬಿಸಿ ಅಚ್ಚು, ಅಚ್ಚಿನಿಂದ ಬಂದದ್ದರ ಅಂಚು ಕತ್ತರಿಸುತ್ತ ಗಂಡನ ಮಾತನ್ನೂ ಕತ್ತರಿಸುವ ಹೆಂಡತಿ ಲಮಾಯ್. ಊರಿನ ಮೂಡಲಿಗೆ ಭತ್ತದ ಗದ್ದೆ, ಪಡುವಲಿಗೆ ರಬ್ಬರ್ ತೋಟ. ಎರಡರ ನಡುವೆ ಬದುಕುವವರೆಲ್ಲ ಚರೂನನ ಚಪ್ಪಲಿ ಮೆಟ್ಟಿ ಓಡಾಡಬೇಕು ಎನ್ನುವುದು ಅವನ ಜೀವನದ ಒಂದೇ ಆಸೆ.

ಬರೀ ರಬ್ಬರನ್ನು ಅಚ್ಚಿಗೆ ಹಾಕಿದರೆ ಚಪ್ಪಲಿಯಾಗುವುದಿಲ್ಲ, ಜಗ್ಗಿದತ್ತ ಹೋಗುವ ಇನ್ನೇನೋ ಆಗುತ್ತದೆ. ಗಟ್ಟಿ ಬರಲು ಪುಡಿ ಬೆರೆಸಬೇಕು. ಆ ಕರಿ ಪುಡಿ ಹಾಟ್‌ಯಾಯ್ ಪೇಟೆಯಿಂದ ಬರುತ್ತಿತ್ತು, ಬರುವಾಗಲೆಲ್ಲ ಹೋದ ಸಲಕ್ಕಿಂತ ದುಬಾರಿಯಾಗಿ ಬರುತ್ತಿತ್ತು. ಹೀಗಿರುವಾಗ ರಬ್ಬರ್ ಸಂಘದ ಸಭೆಗೆ ಬಂದ ವಿಶ್ವವಿದ್ಯಾಲಯದ ಮೇಡಂ ಒಬ್ಬರು, ಅಕ್ಕಿ ಗಿರಣಿಯ ಒಲೆಯಲ್ಲಿ ಉರಿದ ಹೊಟ್ಟಿನ ಬೂದಿಯನ್ನು ನುಣ್ಣಗೆ ಜರಡಿ ಹಿಡಿದು ಬೆರೆಸಿದರೂ ಕೆಲಸ ನಡೆಯುತ್ತದೆ ಎಂದು ಹೇಳಿದರು. ಉಳಿದವರೆಲ್ಲ ಊಟದ ಪೊಟ್ಟಣ ಯಾವಾಗ ಕೊಡುತ್ತಾರೋ ಎಂದು ಬಾಗಿಲು ನೋಡುತ್ತಿದ್ದರು. ಮೇಡಂ ಹೇಳಿದ್ದನ್ನು ಕೇಳಿಸಿಕೊಂಡವನು ಚರೂನ್ ಒಬ್ಬನೇ, ಯಾಕೆಂದರೆ ಅವನು ಹಿಂದಿನ ಬಾಗಿಲಿಂದ ಹೋಗಿ ಪೊಟ್ಟಣ ಇಸಕೊಂಡು ಆಗಿತ್ತು.

ಊರಂಚಿನ ಗಿರಣಿಯ ಹಿಂದೆ ಬೂದಿಯ ಗುಡ್ಡವೇ ಇತ್ತು. ಗಾಳಿ ಬೀಸಿದ ದಿನ ಅದು ಊರಿನ ಒಣಗಿದ ಬಟ್ಟೆಗಳ ಮೇಲೆಲ್ಲ ಕೂರುತ್ತಿತ್ತು. ಬೂದಿ ಒಯ್ಯುತ್ತೇನೆ ಎಂದು ಚರೂನ್ ಕೇಳಿದಾಗ ಗಿರಣಿಯ ಯಜಮಾನ ಅವನಿಗೆ ಬುದ್ಧಿ ನೆಟ್ಟಗಿಲ್ಲವೆಂದುಕೊಂಡು, ಮನಸ್ಸು ಬದಲಾಯಿಸುವ ಮೊದಲೇ ನಾಲ್ಕು ಚೀಲ ತುಂಬಿಸಿ ಕಳಿಸಿದ.

ಮೊದಲ ಸಲ ಬೂದಿ ಹೆಚ್ಚಾಯಿತು. ಲಮಾಯ್ ಆ ಚಪ್ಪಲಿ ಮೆಟ್ಟಿ ಸಂತೆಗೆ ಹೋದವಳು ಮೀನಿನಂಗಡಿಯ ಮುಂದೆ ಹಪ್ಪಳ ಮುರಿದಂತೆ ಚಪ್ಪಲಿ ಮುರಿದು ಬರಿಗಾಲಲ್ಲಿ ಮನೆಗೆ ಬಂದಳು. ಅವತ್ತು ಚರೂನ್ ಊಟ ಮಾಡಲಿಲ್ಲ, ಯಾರೂ ಬಡಿಸಲಿಲ್ಲವಾದ್ದರಿಂದ. ಆಮೇಲೆ ಹದ ಸಿಕ್ಕಿತು. ಹದ ಸಿಕ್ಕ ಮೇಲೆ ಬಂದ ಚಪ್ಪಲಿ ನಿಜಕ್ಕೂ ಚೆನ್ನಾಗಿತ್ತು. ಒದ್ದೆ ನೆಲದಲ್ಲಿ ಜಾರುತ್ತಿರಲಿಲ್ಲ, ಬೇಗ ಸವೆಯುತ್ತಿರಲಿಲ್ಲ, ಬೆಲೆಯೂ ಕಡಿಮೆ. ನೋಡನೋಡುತ್ತ ಊರಿನ ಅರ್ಧ ಕಾಲುಗಳು ಅವನವಾದವು. ಚರೂನ್ ಬೀದಿಯಲ್ಲಿ ಯಾರ ಮುಖವನ್ನೂ ನೋಡದೆ ಬರೀ ಪಾದ ನೋಡುತ್ತ ಹಿಗ್ಗಿ ನಡೆಯತೊಡಗಿದ.

ಆದರೆ ಒಂದು ತೊಡಕಿತ್ತು. ಗುಟ್ಟೇನು ಎಂದು ಯಾರಾದರೂ ಕೇಳಿದರೆ ಗಿರಣಿಯ ಕಸ ಎಂದು ಹೇಳುವುದು ಹೇಗೆ? ಕಸ ಎಂದು ತಿಳಿದರೆ ಕಸದ ಬೆಲೆ ಕೊಡುತ್ತಾರೆ ಎಂದು ಲಮಾಯ್ ಬಾಯಿಗೆ ಬೆರಳಿಟ್ಟು ಎಚ್ಚರಿಸಿದ್ದಳು. ಸಾಧನೆ ಮಾಡಿದವನಿಗೆ ಅದನ್ನು ಹೇಳಿಕೊಳ್ಳಬೇಡ ಎನ್ನುವುದು ಉಂಡವನಿಗೆ ತೇಗಬೇಡ ಎಂದಂತೆ. ಕೋ ಸೆಂಗನ ಕಾಫಿ ಅಂಗಡಿಯಲ್ಲಿ ಒಂದು ಬೆಳಿಗ್ಗೆ ಅದು ಹೊರಗೆ ಬಂದೇಬಿಟ್ಟಿತು. ಚಪ್ಪಲಿಗೆ ಏನು ಬೆರೆಸುತ್ತೀಯ ಮಾರಾಯ, ಎಂದು ಕೋ ಸೆಂಗ್ ಹಾಲಿನ ಡಬ್ಬಿ ತೂತು ಮಾಡುತ್ತ ಸುಮ್ಮನೆ ಕೇಳಿದ್ದ.

ಚರೂನ್ ಲೋಟ ಕೆಳಗಿಟ್ಟು, ಅಂಗಡಿಯವರೆಲ್ಲ ತನ್ನತ್ತ ತಿರುಗುವಷ್ಟು ಹೊತ್ತು ಕಾದು ಹೇಳಿದ. "ಅದೇನು ಅಂತ ಹೇಳಿದ್ರೆ ನೀವ್ಯಾರೂ ಆ ಚಪ್ಪಲಿಗೆ ಕಾಲು ಹಾಕಲ್ಲ, ತಲೆ ಮೇಲಿಟ್ಕೋತೀರ."

ಮಾತು ಚೆನ್ನಾಗಿ ಬಂತೆಂದು ಅವನಿಗೆ ಇಡೀ ದಿನ ಖುಷಿಯಾಗಿತ್ತು.

ಮಳೆಗಾಲದ ಮೋಡ ಕಟ್ಟತೊಡಗಿದಾಗ ಬೇರೊಂದು ಚಿಂತೆ ಹತ್ತಿತು. ಬೂದಿಗೆ ತೇವ ತಾಗಿದರೆ ಅಚ್ಚಿನ ಬಿಸಿಗೆ ಚಪ್ಪಲಿಯ ಮೈಯೆಲ್ಲ ಗುಳ್ಳೆ ಏಳುತ್ತದೆ. ಅವನ ತಗಡಿನ ಮಾಡೋ ಮಳೆಗಿಂತ ಹೆಚ್ಚು ಸೋರುವಂಥದ್ದು. ಊರಿನಲ್ಲಿ ಒಣಗಿದ ಜಾಗ ಎಂದರೆ ಒಂದೇ. ವಿಹಾರದ ಹಿಂಬದಿಯಲ್ಲಿ ಹೆಣ ಸುಡುವ ಗೂಡಿನ ಬೆನ್ನಿಗೆ ಅಂಟಿಕೊಂಡಿದ್ದ ಇಟ್ಟಿಗೆಯ ಉಗ್ರಾಣ. ವಿಹಾರದ ಹಿರಿಯ ಭಿಕ್ಷುವನ್ನು ಊರೆಲ್ಲ ಲುವಾಂಗ್ ಪೋ ಎಂದು ಕರೆಯುತ್ತಿತ್ತು. ಅವರು ಚೀಲ ಇಟ್ಟುಕೋ ಎಂದು ಕೈಯಾಡಿಸಿದರು. ಹಾಗಾಗಿ ಚರೂನ್ ಕೆಲಸ ಮುಗಿಸಿ ಇಳಿಹೊತ್ತಿನಲ್ಲಿ ಅಲ್ಲಿಗೆ ಹೋಗಿ, ನಾಳೆಗೆ ಬೇಕಾದ ಚೀಲವನ್ನು ಹೆಗಲಿಗೇರಿಸಿ, ದೆವ್ವಗಳ ಭಯ ಇದ್ದದ್ದರಿಂದ ಗೂಡಿಗೊಮ್ಮೆ ಕೈಮುಗಿದು, ಹಿಂದೆ ತಿರುಗಿ ನೋಡದೆ ಬರುತ್ತಿದ್ದ.

ಅವನು ಹೀಗೆ ಮುಖಕ್ಕೆಲ್ಲ ಬೂದಿ ಮೆತ್ತಿಕೊಂಡು, ಚೀಲ ಹೊತ್ತು, ಗೂಡಿಗೆ ಕೈಮುಗಿದು ಹೊರಡುತ್ತಿದ್ದದ್ದನ್ನು ಒಂದು ಸಂಜೆ ಯುಪಿನ್ ನೋಡಿದಳು.

ಯುಪಿನ್ ಸಂತೆಯ ಬಾಯಲ್ಲಿ ಬಾಳೆಹಣ್ಣು ಸುಟ್ಟು ಮಾರುವವಳು. ಅವಳ ಗಂಡ ಪ್ಲೂಮ್ ರಬ್ಬರ್ ಹಾಳೆ ಕೊಳ್ಳಲು ಗಾಡಿ ಓಡಿಸಿಕೊಂಡು ಊರೂರು ತಿರುಗುತ್ತಿದ್ದ ಮನುಷ್ಯ. ಕುವಾನ್‌ಖನೂನ್ ಕಡೆ ಅವನಿಗೆ ವ್ಯಾಪಾರ ಜಾಸ್ತಿ, ವಾರದಲ್ಲಿ ಅರ್ಧ ಅಲ್ಲೇ. ಆಳು ಎಷ್ಟು ದೊಡ್ಡವನೆಂದರೆ ಸತ್ತಾಗ ಶವದ ಪೆಟ್ಟಿಗೆ ಹೊರಲು ಪಕ್ಕದ ಊರಿನಿಂದ ಜನ ಕರೆಸಬೇಕಾಗಿತ್ತು. ಹಿಂದಿನ ತಿಂಗಳು ಅವನನ್ನು ಅದೇ ಗೂಡಿನಲ್ಲಿ ಸುಟ್ಟಿದ್ದರು. ಮಾರನೆಯ ಬೆಳಿಗ್ಗೆ ಅಸ್ಥಿ ಆಯಲು ಹೋಗಬೇಕಾಗಿದ್ದ ಯುಪಿನ್ ಜ್ವರದಿಂದ ಏಳಲಾಗದೆ ಮಲಗಿದ್ದಳು, ವಿಹಾರದಿಂದಲೇ ಬೂದಿಯ ಭರಣಿ ಕಳಿಸಿಕೊಟ್ಟಿದ್ದರು. ಭರಣಿಯನ್ನು ಎತ್ತಿ ನೋಡಿದಾಗಿನಿಂದ ಅವಳಿಗೊಂದು ಗುಮಾನಿ. ಅಷ್ಟು ದೊಡ್ಡ ಗಂಡಸಿಗೆ ಇಷ್ಟೇ ಬೂದಿಯೇ? ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದಳು.

ಅವಳು ಹೇಳಿದ್ದೂ ಬಹಳ ಜಾಣತನದಿಂದ. ಚರೂನ್ ಬೂದಿ ಕದ್ದ ಎಂದು ಅವಳು ಒಂದು ಸಲವೂ ಅನ್ನಲಿಲ್ಲ. ಚರೂನ್ ಸಂಜೆ ಹೊತ್ತು ಸುಡುಗಾಡಿನ ಕಡೆ ಯಾಕೆ ಹೋಗುತ್ತಾನೋ ಎಂದು ಎದುರಿನ ಮೀನಿನವಳಲ್ಲಿ ಕೇಳಿದಳು. ಮೀನಿನವಳು, ಇತ್ತೀಚೆಗೆ ಊರಿನಲ್ಲಿ ಸತ್ತವರ ಭರಣಿಗಳೆಲ್ಲ ಹಗುರವಂತೆ ಹೌದಾ, ಎಂದು ಮುಂದಿನವಳನ್ನು ಕೇಳಿದಳು. ಪ್ರಶ್ನೆ ಕೋ ಸೆಂಗನ ಅಂಗಡಿಗೆ ಬಂದು ಮುಟ್ಟುವಷ್ಟರಲ್ಲಿ ಉತ್ತರವೇ ಆಗಿತ್ತು. ಕೋ ಸೆಂಗ್ ಅದನ್ನು ಕೇಳಿ, ತನ್ನ ಕಾಲಿನಿಂದ ಚಪ್ಪಲಿ ಬಿಚ್ಚಿ, ಎರಡು ಕೈಯಲ್ಲಿ ಎತ್ತಿ ಸಕ್ಕರೆ ಡಬ್ಬಿಯ ಮೇಲಿನ ಹಲಗೆಯಲ್ಲಿಟ್ಟ. ತಲೆ ಮೇಲಿಟ್ಕೋತೀರ ಎಂದಿದ್ದನಲ್ಲ!

ನಮ್ಮ ಕಡೆಯಲ್ಲಿ ಕಾಲು ಎಂದರೆ ಎಂಥ ಕೀಳು ಎನ್ನುವುದನ್ನು ಹೇಳಬೇಕಾಗಿಲ್ಲ. ಮಲಗಿದ ಮಗುವನ್ನು ದಾಟಬಾರದು, ಕೂತಾಗ ಪಾದ ಯಾರತ್ತಲೂ ತೋರಿಸಬಾರದು. ಅಂಥದ್ದರಲ್ಲಿ ಇಡೀ ಊರು ತಿಂಗಳುಗಟ್ಟಲೆ ಸತ್ತ ಹಿರಿಯರನ್ನು ಮೆಟ್ಟಿ ಸಂತೆ, ಗದ್ದೆ, ಕಕ್ಕಸು ಎಲ್ಲ ತಿರುಗಿದೆ! ಅದೂ ಯಾವಾಗ? ಹತ್ತನೇ ತಿಂಗಳ ಹಿರಿಯರ ಹಬ್ಬ ಹೊಸಿಲಲ್ಲಿ ನಿಂತಿರುವಾಗ. ಹಬ್ಬದ ಆ ಪಕ್ಷದಲ್ಲಿ ಸತ್ತವರಿಗೆಲ್ಲ ರಜೆ ಸಿಕ್ಕಿ ಮನೆಗೆ ಬರುತ್ತಾರೆ. ಬಂದವರು ಈ ಸಲ ಜಗಲಿಯಲ್ಲಿ ತಮ್ಮನ್ನೇ ಕಳಚಿಟ್ಟಿರುವುದು ಕಂಡರೆ ಏನೆಂದಾರು?

ಚಪ್ಪಲಿಯನ್ನು ಎಸೆಯುವ ಧೈರ್ಯವೂ ಯಾರಿಗೂ ಬರಲಿಲ್ಲ, ಒಳಗೆ ಯಾರಿದ್ದಾರೋ ಏನೋ. ಅದಕ್ಕೇ ಊರು ಬರಿಗಾಲಿಗೆ ಇಳಿಯಿತು. ವಿಹಾರದ ಮೆಟ್ಟಿಲ ಬಳಿ ಸದಾ ರಾಶಿ ಬಿದ್ದಿರುತ್ತಿದ್ದ ಚಪ್ಪಲಿಗಳು ಸಾಲಾಗಿ, ಮಂಟಪದತ್ತ ಮುಖ ಮಾಡಿ ಕುಳಿತವು. ಒಂದು ಜೊತೆಯ ಮೇಲೆ ಯಾರೋ ಮಲ್ಲಿಗೆ ಮಾಲೆ ಇಟ್ಟಿದ್ದರು. ತನ್ನ ಅಜ್ಜಿಯ ಹಳೆಯ ಕೆಮ್ಮು ಚಪ್ಪಲಿಯಿಂದ ಕೇಳಿಸಿತೆಂದು ಮೀನಿನವಳು ಪ್ರಮಾಣ ಮಾಡಿದಳು.

ಚರೂನ್ ಇದನ್ನೆಲ್ಲ ನೋಡಿದ. ನೋಡಿ ಅವನಿಗೆ ಅರ್ಥವಾದದ್ದಿಷ್ಟೇ, ಜನ ತನ್ನ ಚಪ್ಪಲಿ ಸವೆದೀತೆಂದು ಮೆಟ್ಟಲೂ ಮನಸ್ಸು ಬಾರದಷ್ಟು ಪ್ರೀತಿಸುತ್ತಿದ್ದಾರೆ. ಮನೆಗೆ ಬಂದು, ಊರು ತನ್ನ ಚಪ್ಪಲಿಗೆ ಕೈಮುಗಿಯುತ್ತಿದೆ ಎಂದು ಹೆಂಡತಿಗೆ ಹೇಳುವಾಗ ಅವನ ಕಣ್ಣು ತುಂಬಿ ಬಂತು. ಲಮಾಯ್ ಅನುಮಾನದಿಂದ ಅವನ ಹಣೆ ಮುಟ್ಟಿ ನೋಡಿದಳು. ಯಾರೂ ಮೆಟ್ಟದಿದ್ದರೆ ಸವೆಯುವುದಿಲ್ಲ, ಸವೆಯದಿದ್ದರೆ ಯಾರೂ ಕೊಳ್ಳುವುದಿಲ್ಲ, ಇದರಲ್ಲಿ ಅಳುವಂಥ ಸಂತೋಷ ಎಲ್ಲಿದೆ ಎಂದು ಕೇಳಿದಳು. ಆ ವಾರ ಒಂದು ಜೊತೆಯೂ ಮಾರಾಟವಾಗಿರಲಿಲ್ಲ.

ಮಾರನೆಯ ದಿನ ಗಿರಾಕಿ ಬಂದಳು. ಯುಪಿನ್. ಮಾಡಿನಡಿ ನಿಂತು ಚಪ್ಪಲಿಗಳನ್ನು ಒಂದೊಂದಾಗಿ ಎತ್ತಿ, ತೂಗಿ, ಮೂಗಿನ ಹತ್ತಿರ ಹಿಡಿದು, ಕಿವಿಯ ಹತ್ತಿರ ಹಿಡಿದು ಕೆಳಗಿಟ್ಟಳು. ಹೋದ ತಿಂಗಳ ಹುಣ್ಣಿಮೆಯ ನಂತರ ಒತ್ತಿದ್ದು ಯಾವುದು ಎಂದು ಕೇಳಿದಳು. ಎಲ್ಲ ಒಂದೇ ಮಾಲು ಅಕ್ಕ, ಎಂದ ಚರೂನ್.

"ಒಂದೇ ಅಂದ್ರೆ? ಎಲ್ಲಾರನ್ನೂ ಒಟ್ಟಿಗೆ ಕಲಸಿಬಿಟ್ಯಾ?"

"ಕಲಸ್ದೆ ಇದ್ರೆ ಹದ ಬರುತ್ತಾ ಅಕ್ಕ. ಎಷ್ಟು ಕಲಸಿದ್ರೆ ಅಷ್ಟು ಒಳ್ಳೇದು."

ಯುಪಿನ್ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. ಮೆಲ್ಲಗೆ ಕೇಳಿದಳು. "ನೋಡು ಚರೂನ್, ಜಗಳಕ್ಕೆ ಬಂದಿಲ್ಲ. ನನ್ನ ಗಂಡ ಯಾವ ಜೊತೇಲಿದಾನೆ, ಅಷ್ಟು ಹೇಳು. ದುಡ್ಡು ಕೊಟ್ಟೇ ತಗೊಂಡು ಹೋಗ್ತೀನಿ."

ಚರೂನನ ತಲೆಗೆ ವಿಷಯ ಇಳಿಯಲು ಯಾವಾಗಲೂ ಹೊತ್ತು ಹಿಡಿಯುತ್ತದೆ. ಇಳಿದ ಮೇಲೆ ಅವನು ಉರುಳೆ ಯಂತ್ರವನ್ನು ಆರಿಸಿ, ಬೀದಿಗೆ ಓಡಿ, ಸಿಕ್ಕಸಿಕ್ಕವರನ್ನು ತಡೆದು ನಿಲ್ಲಿಸಿ, ಅದು ಹೆಣದ ಬೂದಿಯಲ್ಲ, ಗಿರಣಿಯ ಹೊಟ್ಟಿನ ಬೂದಿ, ಕಸ, ಬರೀ ಕಸ ಎಂದು ಸಾರತೊಡಗಿದ. ಇಷ್ಟು ದಿನ ಮುಚ್ಚಿಟ್ಟ ಗುಟ್ಟು ಪುಕ್ಕಟೆ ಹಂಚಿದರೂ ಕೊಳ್ಳುವವರಿರಲಿಲ್ಲ. ಕೋ ಸೆಂಗ್ ಅವನನ್ನು ಕನಿಕರದಿಂದ ನೋಡಿ, ಕಸ ತಂದು ಯಾರಾದರೂ ಗುಟ್ಟು ಮಾಡುತ್ತಾರೆಯೇ, ಕಸಕ್ಕೆ ಯಾರಾದರೂ ಕೈಮುಗಿಯುತ್ತಾರೆಯೇ ಎಂದು ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಬೇರೆ ಹೆಗಲ ಮೇಲಿನ ಬೂದಿ ಕೊಡವಿಕೊಂಡ. ಊರಿಗೆ ಅಷ್ಟು ಸಾಕಾಯಿತು.

ಸಾಕ್ಷಿಗೆಂದು ಜನರನ್ನು ಗಿರಣಿಗೆ ಕರೆದೊಯ್ದದ್ದು ಇನ್ನೂ ದೊಡ್ಡ ತಪ್ಪಾಯಿತು. ಅಂಗಳ ತುಂಬ ಜನ ಬಂದು ತನ್ನ ಬೂದಿಯನ್ನು ಕೇಳುತ್ತಿರುವುದನ್ನು ಕಂಡ ಯಜಮಾನನಿಗೆ, ಇದರಲ್ಲಿ ತನಗೆ ತಿಳಿಯದ ಲಾಭವೇನೋ ಇದೆ ಎಂದು ಸಂಶಯ ಬಂತು. ಚರೂನನಿಗೆ ಬೂದಿ ಕೊಟ್ಟಿದ್ದೀಯಾ ಎಂದು ಊರ ಮುಖ್ಯಸ್ಥ ಕೇಳಿದರೆ, ಬೆಲೆ ಗೊತ್ತಾಗುವವರೆಗೆ ಹೌದು ಎನ್ನುವುದೂ ಬೇಡ, ಇಲ್ಲ ಎನ್ನುವುದೂ ಬೇಡವೆಂದು ಯಜಮಾನ ಗುಡ್ಡದ ಮೇಲೆ ಟಾರ್ಪಾಲು ಮುಚ್ಚಿಸಿ ಒಳಗೆ ಹೋದ.

ಸಭೆ ವಿಹಾರದ ಮಂಟಪದಲ್ಲಿ ಸೇರಿತು. ಜಿಲ್ಲಾ ಕಚೇರಿಯಿಂದ ಒಬ್ಬ ಅಧಿಕಾರಿಯೂ ಬಂದಿದ್ದ. ಇದು ಕೈಗಾರಿಕೆಗೆ ಸೇರುತ್ತದೋ ಧರ್ಮಕ್ಕೆ ಸೇರುತ್ತದೋ ತಿಳಿಯದೆ ಎರಡೂ ಇಲಾಖೆಯವರು ಅವನನ್ನು ಮುಂದೆ ತಳ್ಳಿದ್ದರು. ಅಧಿಕಾರಿ ಒಂದು ಚಪ್ಪಲಿಯನ್ನು ಬಗ್ಗಿಸಿ ನೋಡಿ, ಒಂದನ್ನು ಸುಟ್ಟು ನೋಡೋಣ, ಉಳಿದದ್ದರಲ್ಲಿ ಮೂಳೆಯ ಚೂರಿದೆಯೋ ಇಲ್ಲವೋ ತಿಳಿಯುತ್ತದೆ ಎಂದ. ಮಾತು ಬಾಯಿಂದ ಬೀಳುವ ಮೊದಲೇ ಹೆಂಗಸರೆಲ್ಲ ಎದ್ದು ನಿಂತರು. ಒಳಗೆ ಯಾರಿದ್ದಾರೋ ತಿಳಿಯದೆ ಎರಡನೇ ಸಲ ಸುಡುವುದಾದರೆ ಶಾಸ್ತ್ರೋಕ್ತವಾಗಿ ಸುಡಬೇಕು, ನಾಯಿನರಿಯ ಹಾಗೆ ಅಲ್ಲ ಎಂದರು.

ಹಾಗಾಗಿ ಖೋಕ್‌ಯಾಂಗಿನಲ್ಲಿ ಒಂದು ಎಡಗಾಲಿನ ಚಪ್ಪಲಿಗೆ ಶವಸಂಸ್ಕಾರ ನಡೆಯಿತು. ಬಿಳಿ ಬಟ್ಟೆ ಹಾಸಿದರು. ನಾಲ್ವರು ಭಿಕ್ಷುಗಳು ಬೀಸಣಿಗೆ ಮುಖಕ್ಕೆ ಹಿಡಿದು ಮಂತ್ರ ಹೇಳಿದರು. ರಬ್ಬರ್ ಹೊತ್ತಿಕೊಂಡ ಮೇಲಂತೂ ಬೀಸಣಿಗೆ ಮೂಗನ್ನು ಬಿಟ್ಟು ಕದಲಲೇ ಇಲ್ಲ. ಅಧಿಕಾರಿ ಕೆಮ್ಮುತ್ತ ಕಂಬದ ಹಿಂದೆ ನಿಂತ. ಊರಿನವರು ಸಾಲಾಗಿ ಬಂದು ಕಾಗದದ ಹೂ ಹಾಕಿದರು. ಚರೂನನಿಗೂ ಒಂದು ಹೂ ಕೊಟ್ಟರು, ಅವನೂ ಹಾಕಿದ. ತನ್ನ ಕೈಯಾರೆ ಒತ್ತಿದ ಚಪ್ಪಲಿಯ ಚಿತೆಗೆ ಹೂ ಹಾಕುವಾಗ ಅವನಿಗೆ ನಿಜವಾಗಿಯೂ ದುಃಖವಾಯಿತು. ಉಳಿದದ್ದು ಒಂದು ಹಿಡಿ ಬೂದು ಬಣ್ಣದ ಪುಡಿ. ಮೂಳೆ ಇರಲಿಲ್ಲ.

ಮೂಳೆ ಇಲ್ಲ ಎಂದು ಅಧಿಕಾರಿ ಘೋಷಿಸಿದ. ಕೋ ಸೆಂಗ್ ಮುಂದೆ ಬಂದು ಗಾಳಿಯನ್ನು ಮೂಸಿ ನೋಡಿ, "ಇದು ಪ್ಲೂಮಣ್ಣನೇ. ಬದುಕಿದ್ದಾಗ್ಲೂ ಹಿಂಗೇ ಹೊಗೆ ಬಿಡ್ತಿದ್ದ" ಎಂದ. ಊರಿನಲ್ಲಿ ಅಷ್ಟು ಸಿಗರೇಟು ಸೇದುತ್ತಿದ್ದವನು ಪ್ಲೂಮ್ ಒಬ್ಬನೇ ಎನ್ನುವುದು ಎಲ್ಲರಿಗೂ ನೆನಪಾಯಿತು. ಯುಪಿನ್ ಮುಖಕ್ಕೆ ಸೆರಗಿನಂತೆ ಟವೆಲು ಮುಚ್ಚಿಕೊಂಡಳು.

ಕೊನೆಗೆ ಎಲ್ಲರೂ ಲುವಾಂಗ್ ಪೋ ಕಡೆ ತಿರುಗಿದರು. ಉಗ್ರಾಣ ಅವರದು, ಭರಣಿ ಕಳಿಸಿದವರೂ ಅವರೇ. ಅವರು ಒಂದು ಮಾತು ಹೇಳಿದರೆ ಚರೂನ್ ಬದುಕಿಕೊಳ್ಳುತ್ತಿದ್ದ. ಮುದುಕರು ಮಂಟಪದ ತೊಲೆಯನ್ನೇ ನೋಡುತ್ತ ಬಹಳ ಹೊತ್ತು ಕುಳಿತಿದ್ದು, ಎಲ್ಲ ದೇಹವೂ ಬೂದಿಯೇ, ಇಂದು ಅವನು ನಾಳೆ ನಾವು ಎಂದು ಹೇಳಿ ಎದ್ದು ಹೋದರು. ಇದನ್ನು ಊರಿನವರು, ಚಪ್ಪಲಿಯಲ್ಲಿ ಪ್ಲೂಮ್ ಇದ್ದಾನೆಂಬ ತಪ್ಪೊಪ್ಪಿಗೆ ಎಂದೇ ತಿಳಿದುಕೊಂಡರು. ಹಬ್ಬದ ದಿನಕ್ಕೆ ಮೊದಲು ಚರೂನ್ ನಿಜ ಹೇಳದಿದ್ದರೆ ಎಲ್ಲ ಚಪ್ಪಲಿಗಳನ್ನೂ ಅವನ ಅಂಗಳಕ್ಕೆ ತಂದಿಡುವುದು, ಮುಂದೆ ಅವನ ಕೈಯಿಂದ ಯಾರೂ ಏನನ್ನೂ ಕೊಳ್ಳದಿರುವುದು ಎಂದು ಮುಖ್ಯಸ್ಥ ತೀರ್ಮಾನ ಕೊಟ್ಟ. ಕಾರ್ಖಾನೆ ಮುಚ್ಚಿದ ಹಾಗೇ ಆಯಿತು. ಲಮಾಯ್ ಏನೂ ಅನ್ನದೆ ಮನೆಗೆ ನಡೆದಳು. ಅವಳು ಏನೂ ಅನ್ನದಿದ್ದದ್ದು ಮದುವೆಯಾದ ಮೇಲೆ ಅದೇ ಮೊದಲು.

ಚರೂನ್ ನೇರ ಲುವಾಂಗ್ ಪೋ ಅವರ ಕುಟಿಗೆ ಹೋಗಿ ಹೊಸಿಲಲ್ಲಿ ಕೂತ. ಒಳಗಿನಿಂದ ಮುದುಕರು, ಬಾಗಿಲು ಎಳೆದುಕೋ ಎಂದರು.

"ಪ್ಲೂಮ್‌ನ ಬೂದಿ ಕಮ್ಮಿಯಾಗಿದ್ದು ನಿಜ ಕಣಯ್ಯ. ಅರ್ಧ ನಾನೇ ಕೊಟ್ಟೆ."

"ಯಾರಿಗೆ ಲುವಾಂಗ್ ಪೋ?"

"ಕುವಾನ್‌ಖನೂನಿಂದ ಒಬ್ಳು ಬಂದಿದ್ಳು. ಇನ್ನೂ ಬೆಳಕು ಹರಿದಿರ್ಲಿಲ್ಲ. ಅವಳ ಮನೇಲೂ ಅವನ ಒಂದು ಜೊತೆ ಬಟ್ಟೆ, ಒಂದು ತಟ್ಟೆ ಇದೆಯಂತೆ, ವರ್ಷಗಳಿಂದ. ಗೂಡಿನ ಮುಂದೆ ಕೂತು ಅತ್ಲು. ಕೊಡಬಾರ್ದಿತ್ತೋ ಏನೋ. ಅಳೋರ ಮುಂದೆ ನಾನು ಗಟ್ಟಿ ಅಲ್ಲ."

ಇದನ್ನು ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಚರೂನ್ ಕೇಳಿದ. ಯುಪಿನ್ ಎದುರಿಗೇ ಕೂತಿದ್ದಳಲ್ಲ, ಎಂದರು ಮುದುಕರು. ಕಾವಿ ಉಟ್ಟವನು ಸುಳ್ಳು ಹೇಳುವಂತಿಲ್ಲ. ಅದಕ್ಕೇ ಯಾರೂ ನೆಟ್ಟಗೆ ಪ್ರಶ್ನೆ ಕೇಳದ ಹಾಗೆ ತೊಲೆ ನೋಡುತ್ತ ಕುಳಿತಿದ್ದೆ ಎಂದರು. ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು ಎಂದು ಕಣ್ಣು ಮುಚ್ಚಿಕೊಂಡರು. ಧ್ಯಾನವೋ ನಿದ್ದೆಯೋ ತಿಳಿಯಲಿಲ್ಲ.

ಚರೂನ್ ಕುಣಿಯುತ್ತ ಹೊರಗೆ ಬಂದ. ಅವನ ಹೆಸರು, ಕಾರ್ಖಾನೆ, ಲಮಾಯ್‌ಳ ಮಾತು, ಎಲ್ಲವೂ ಈಗ ಅವನ ಬಾಯಲ್ಲೇ ಇತ್ತು, ಬಾಯಿ ತೆರೆದರೆ ಸಾಕು. ಬಾಯಿ ತೆರೆಯುವುದು ಅವನಿಗೆ ಎಂದೂ ಕಷ್ಟವಾದದ್ದಿಲ್ಲ. ಸಂತೆಯ ಬಾಯಿಗೆ ಹೋದ. ಕೋ ಸೆಂಗನ ಅಂಗಡಿಯವರೆಲ್ಲ ಬರುತ್ತಿರುವವನನ್ನು ಕಂಡು ಮಾತು ನಿಲ್ಲಿಸಿದರು.

ಯುಪಿನ್ ಬಾಳೆಹಣ್ಣಿನ ಕೆಂಡವನ್ನು ಬದಿಗೆ ಸರಿಸಿ ಹಬ್ಬದ ತಟ್ಟೆ ಜೋಡಿಸುತ್ತಿದ್ದಳು. ಎಳೆ ಎಳೆಯಾಗಿ ಕರಿದ ಲಾ ತಿಂಡಿಯನ್ನು ಬಟ್ಟೆಯಂತೆ ಮಡಚಿಟ್ಟಿದ್ದಳು. ಸತ್ತವರು ಅದನ್ನು ಉಡುತ್ತಾರೆ ಎಂದು ನಂಬಿಕೆ. ಪಕ್ಕದಲ್ಲಿ ಪ್ಲೂಮ್ ಸೇದುತ್ತಿದ್ದ ಸಿಗರೇಟಿನ ಪೊಟ್ಟಣ, ಅವನ ಬಾಚಣಿಗೆ. ಚರೂನನನ್ನು ನೋಡಿ ಅವಳು ಬೈಯಲಿಲ್ಲ.

"ಅರ್ಧ ಇಲ್ಲಿ, ಅರ್ಧ ಎಲ್ಲೋ ಅಂದ್ರೆ ಮನೆಗೆ ದಾರಿ ಗೊತ್ತಾಗುತ್ತಾ ಅವನಿಗೆ? ಅದೊಂದೇ ಯೋಚನೆ ನಂಗೆ," ಎಂದಳು.

ಚರೂನ್ ಬಾಯಿ ತೆರೆದ. ಕುವಾನ್‌ಖನೂನ್ ಎನ್ನುವ ಹೆಸರು ನಾಲಗೆಯ ತುದಿಗೆ ಬಂದು ನಿಂತಿತ್ತು. ಅವನು ಬಾಚಣಿಗೆಯನ್ನು ನೋಡಿದ. ಅದರಲ್ಲಿ ಎರಡು ಬಿಳಿ ಕೂದಲು ಇನ್ನೂ ಸಿಕ್ಕಿಕೊಂಡಿದ್ದವು.

"ತಪ್ಪಾಯ್ತು ಅಕ್ಕ," ಎಂದ. "ಉಗ್ರಾಣದಲ್ಲಿ ಗೂಡಿನ ಕಡೆ ಗೋಡೇಲಿ ಒಂದು ತೂತಿದೆ. ಅಲ್ಲಿಂದ ಸ್ವಲ್ಪ ನನ್ನ ಚೀಲಕ್ಕೆ ಬಿದ್ದಿತ್ತು. ಒಂದೇ ಒಂದು ಜೊತೆಗಾಯ್ತು ಅಷ್ಟು. ಉಳಿದಿದ್ದೆಲ್ಲ ಗಿರಣೀದು, ನನ್ನಾಣೆ. ಅಣ್ಣ ಇರೋ ಜೊತೆ ಬೇರೆ ಎತ್ತಿಟ್ಟಿದೀನಿ, ಯಾರಿಗೂ ಮಾರಿಲ್ಲ."

ಅಂಗಡಿಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ನಿಜವನ್ನು ಬೀದಿ ಬೀದಿಯಲ್ಲಿ ಕಿರುಚಿದಾಗ ನಂಬದ ಊರು ಸುಳ್ಳನ್ನು ಕೇಳಿದ ಕೂಡಲೇ ತಲೆದೂಗಿತು. ಒಂದು ಜೊತೆಯಲ್ಲಿ ಪ್ಲೂಮ್ ಇದ್ದಾನೆಂದ ಮೇಲೆ ಉಳಿದ ಜೊತೆಗಳಲ್ಲಿ ಯಾರೂ ಇಲ್ಲವೆಂದೇ ಅರ್ಥ. ಕೋ ಸೆಂಗ್ ಹಲಗೆಯಿಂದ ತನ್ನ ಚಪ್ಪಲಿ ಇಳಿಸಿ, ದೂಳು ಕೊಡವಿ ಮೆಟ್ಟಿಕೊಂಡ. ಇದನ್ನು ಮೊದಲೇ ಹೇಳಿದ್ದರೆ ಇಷ್ಟೆಲ್ಲ ರಂಪ ಯಾಕಾಗುತ್ತಿತ್ತು ಎಂದು ಚರೂನನಿಗೆ ಬುದ್ಧಿ ಹೇಳಿದ. ಅಜ್ಜಿಯ ಕೆಮ್ಮು ಕೇಳಿಸಿಕೊಂಡಿದ್ದ ಮೀನಿನವಳು ಅದು ಮಳೆಗಾಲದ ಕಪ್ಪೆಯಿರಬೇಕು ಎಂದಳು. ಗಿರಣಿಯ ಯಜಮಾನನೂ ಬೂದಿಯಲ್ಲಿ ಲಾಭವಿಲ್ಲವೆಂದು ನಿರಾಸೆಗೊಂಡು ಟಾರ್ಪಾಲು ತೆಗೆಸಿದ.

ಪಾಪಕ್ಕೆ ಪ್ರಾಯಶ್ಚಿತ್ತವಾಗಬೇಕಲ್ಲ, ಹಬ್ಬ ಮುಗಿಯುವವರೆಗೆ ಚರೂನ್ ಭಿಕ್ಷುವಾಗಬೇಕೆಂದು ಮುಖ್ಯಸ್ಥ ವಿಧಿಸಿದ. ತಲೆ ಬೋಳಿಸಿದರು, ಹುಬ್ಬನ್ನೂ ಬೋಳಿಸಿದರು. ಹುಬ್ಬಿಲ್ಲದ ಮುಖದಲ್ಲಿ ಸದಾ ಆಶ್ಚರ್ಯಗೊಂಡವನಂತೆ ಕಾಣುತ್ತಿದ್ದ ಅವನು ಬೆಳಿಗ್ಗೆ ಲುವಾಂಗ್ ಪೋ ಹಿಂದೆ ಪಾತ್ರೆ ಹಿಡಿದು ನಡೆಯುತ್ತಿದ್ದ. ಸುಳ್ಳು ಹೇಳಿದ್ದು ದೀಕ್ಷೆಗೆ ಮೊದಲಾದ್ದರಿಂದ ಲೆಕ್ಕಕ್ಕಿಲ್ಲವೆಂದು ಮುದುಕರು ತಿರುಗದೆಯೇ ಒಮ್ಮೆ ಹೇಳಿದರು. ಹಬ್ಬದ ದಿನ ಯುಪಿನ್, ಚರೂನ್ ತಂದುಕೊಟ್ಟ ಆ ಚಪ್ಪಲಿಗಳನ್ನು ರೇಷ್ಮೆ ಬಟ್ಟೆಯಲ್ಲಿಟ್ಟು, ತಟ್ಟೆಯ ಜೊತೆಗೆ ಮೆರವಣಿಗೆಯಲ್ಲಿ ಎತ್ತಿ ತಂದಳು. ಆಮೇಲೆ ಅವನ್ನು ಮನೆಯ ಎತ್ತರದ ಹಲಗೆಯಲ್ಲಿ ಭರಣಿಯ ಪಕ್ಕ ಇಟ್ಟಳೆಂದು ನೋಡಿ ಬಂದವರು ಹೇಳಿದರು. ಲಮಾಯ್‌ಗೂ ಮಾತು ಮರಳಿತು. ಕೂಡಿಟ್ಟದ್ದನ್ನೆಲ್ಲ ಸೇರಿಸಿ ಆಡಿದಳು.

ಮಳೆಗಾಲ ಕಳೆದು, ರಬ್ಬರ್ ಮರಗಳು ಎಲೆ ಉದುರಿಸಿ, ಚರೂನನ ಹುಬ್ಬುಗಳು ಒಂದು ಮುಂದೆ ಒಂದು ಹಿಂದೆ ಬೆಳೆದು ಮುಗಿದ ಮೇಲೆ, ಒಂದು ಮಧ್ಯಾಹ್ನ ಯುಪಿನ್ ಕಾರ್ಖಾನೆಗೆ ಬಂದಳು. ರೇಷ್ಮೆ ಬಟ್ಟೆಯ ಗಂಟನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಇನ್ನೊಂದು ಜೊತೆ ಕೊಡು ಎಂದಳು.

ಚರೂನ್ ಕೈಮುಗಿದು ಚಪ್ಪಲಿ ಎತ್ತಿದ. ತಿರುಗಿಸಿ ನೋಡಿದ. ಹಿಮ್ಮಡಿ ಸವೆದು ತೆಳ್ಳಗಾಗಿತ್ತು. ಹೆಬ್ಬೆರಳಿನ ಜಾಗದಲ್ಲಿ ಗುಳಿ ಬಿದ್ದಿತ್ತು.

"ಅಕ್ಕ, ಇದನ್ನ ಮೆಟ್ಟಿದ್ರಾ?"

"ಮನೆ ಒಳಗಷ್ಟೆ. ಬಾಗಿಲು ಹಾಕ್ಕೊಂಡು."

"ಇದರಲ್ಲಿ ಅಣ್ಣ ಇದಾರಲ್ಲ ಅಕ್ಕ."

ಕುವಾನ್‌ಖನೂನಿನವಳ ಹಲಗೆಯ ಮೇಲೂ ಇದ್ದಾನೆ, ಎರಡು ಕಡೆ ಇರುವುದು ಅವನಿಗೆ ಹೊಸದೇನಲ್ಲ ಎಂದಳು. ಚರೂನನಿಗೆ ಕೂರಲು ಸ್ಟೂಲು ಸಿಗಲಿಲ್ಲ. ಯಾವಾಗಿನಿಂದ ಗೊತ್ತು ಎಂದು ಕೇಳಿದ.

"ಭರಣಿ ಎತ್ತಿದ ಗಳಿಗೆಯಿಂದ. ಊರೋರು ಅವಳ ಹೆಸರು ಎತ್ತೋ ಮೊದ್ಲು ಯಾರಾದ್ರೂ ಕಳ್ಳ ಬೇಕಾಗಿತ್ತು ನಂಗೆ. ಅಷ್ಟರಲ್ಲಿ ನೀನು ಚೀಲ ಹೊತ್ಕೊಂಡು ಬಂದೆ." ಅವಳು ಸವೆದ ಜೊತೆಯನ್ನು ಅವನ ಕಡೆ ತಳ್ಳಿದಳು. "ನೀನು ಸಂತೇಲಿ ಬಾಯಿ ತೆಗೆದಾಗ ನನ್ನ ಜೀವ ಹೋಗಿ ಬಂತು. ನಿನ್ನ ಬಾಯಿ ಅಂಥದ್ದು."

ಚರೂನ್ ಅಳತೆ ನೋಡಿ ಹೊಸ ಜೊತೆ ತೆಗೆದುಕೊಟ್ಟ. ದುಡ್ಡು ಬೇಡ ಎಂದ, ಅವಳು ಬಿಡದೆ ಕೊಟ್ಟಳು. ಚಪ್ಪಲಿಯನ್ನು ಅಲ್ಲೇ ನೆಲಕ್ಕೆ ಹಾಕಿ, ಕಾಲು ತೂರಿಸಿ ಎರಡು ಹೆಜ್ಜೆ ನಡೆದು ನೋಡಿ, ಬಲಗಾಲಿನದು ಸ್ವಲ್ಪ ಬಿಗಿ ಎಂದಳು. ಬೀದಿಗೆ ಇಳಿಯುವ ಮೊದಲು ಎರಡನ್ನೂ ಬಿಚ್ಚಿ, ಹಣೆಗೆ ಮುಟ್ಟಿಸಿಕೊಂಡು, ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಳು. ಅವಳು ಸಂತೆಯ ಬಾಯಿ ತಲುಪಿದಾಗ ಅಂಗಡಿಯಲ್ಲಿ ಕೋ ಸೆಂಗ್ ಎದ್ದು ನಿಂತು ಅವಳ ಗಂಟಿಗೆ ಕೈಮುಗಿದ.